ಮಾಡಿದವಳ ತಲೆ ಮೊದಲು

ಬಚ್ಚಲಿನ ತೂತಿಗೆ ಸುತ್ತಿಕೊಂಡಿದ್ದ ಕೂದಲನ್ನು ಬೆರಳಿನಿಂದ ಎತ್ತಿ, ಟಿಶ್ಯೂ ಕಾಗದದಲ್ಲಿ ಮಡಿಸಿ, ಕಸದ ಬುಟ್ಟಿಗೆ ಹಾಕದೆ ಹೌಸ್‌ಕೋಟಿನ ಜೇಬಿಗೆ ತುರುಕಿಕೊಂಡ ಮೇಲೆ ಕೃಷ್ಣವೇಣಿಗೆ ತಾನು ಇದನ್ನು ಯಾರಿಂದ ಬಚ್ಚಿಡುತ್ತಿದ್ದೇನೆ ಎಂಬ ಪ್ರಶ್ನೆ ಬಂತು. ಲಂಡನ್ನಿನ ಕಿಂಗ್ಸ್‌ಬರಿಯ ಈ ಮನೆಯಲ್ಲಿ ಕಸದ ಬುಟ್ಟಿಯೊಳಗೆ ಇಣುಕುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಗಂಡ ಶೇಷಾದ್ರಿಗೆ ಅವನ ಆಸ್ಪತ್ರೆ, ಮಗ ಆಕಾಶನಿಗೆ ಅವನ ಪರೀಕ್ಷೆ. ಆದರೂ ಜೇಬಿನ ಮೇಲೆ ಅಂಗೈ ಒತ್ತಿಕೊಂಡೇ ಅವಳು ಕನ್ನಡಿಯ ಮುಂದೆ ನಿಂತಳು. ಬಲಗಿವಿಯ ಹಿಂದೆ, ಸ್ವಲ್ಪ ಮೇಲೆ, ಬೆರಳು ತಾನಾಗಿಯೇ ಹೋಗಿ ಆ ಜಾಗದಲ್ಲಿ ನಿಂತಿತು. ಐವತ್ತು ಪೆನ್ಸಿನ ನಾಣ್ಯದಷ್ಟು ಅಗಲ. ಮಗುವಿನ ಅಂಗಾಲಿನಷ್ಟು ನುಣುಪು. ಒಂದು ಎಳೆಯೂ ಇಲ್ಲ. ನಿನ್ನೆಯೂ ಇಷ್ಟೇ ಇತ್ತು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಬೆರಳು ಇನ್ನೂ ಕೆಳಗೆ ಜಾರಿ, ಕತ್ತಿನ ಮೇಲ್ಭಾಗದಲ್ಲಿ, ಕುಂಕುಮದ ಬೊಟ್ಟಿನಷ್ಟು ಇನ್ನೊಂದು ನುಣುಪು ಜಾಗವನ್ನು ಮುಟ್ಟಿ ಬೆಚ್ಚಿತು. ಇದು ಹೊಸದು. ಇವತ್ತೇ ಬರಬೇಕಿತ್ತೇ ಇದು? ಕಣ್ಣ ಮುಂದೆ ಹಳೆಯದೊಂದು ಬಂದು ನಿಂತಿತು. ಮೈಸೂರಿನ ಅಗ್ರಹಾರದ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ ತುಂಗಜ್ಜಿ, ಅವಳ ಎದುರು ಕ್ಷೌರದವನು. ಕಾಲಕ್ಕೆ ಸರಿಯಾಗಿ ಬಂದು ಹೋಗುತ್ತಿದ್ದ ಅವನನ್ನು ಮಕ್ಕಳು ನೋಡಬಾರದು ಎಂದು ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಜ್ಜಿಯ ತಂಗಿ ತುಂಗಜ್ಜಿ, ಹದಿನಾರಕ್ಕೆ ಗಂಡನನ್ನು ಕಳೆದುಕೊಂಡವಳು. ಬಾಗಿಲ ಸಂದಿಯಿಂದ ಪುಟ್ಟ ಕೃಷ್ಣವೇಣಿ ಕಂಡದ್ದು ಕೆಂಪು ಸೀರೆಯ ಸೆರಗು ಭುಜಕ್ಕೆ ಜಾರಿ ಬಯಲಾದ ಒಂದು ಸಣ್ಣ ತಲೆಯನ್ನು. ಅದು ಅಷ್ಟು ಸಣ್ಣದಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. ತುಂಗಜ್ಜಿ ತಿರುಗಿ ನೋಡಿದಳು. ಬೈಯಲಿಲ್ಲ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು, ಅಷ್ಟೇ.

“ಮಮ್, ಆರ್ ಯೂ ಗೋಯಿಂಗ್ ಟು ಬಿ ಲಾಂಗ್?” ಆಕಾಶ ಬಾಗಿಲು ತಟ್ಟಿದ.

“ಬಂದೆ ಕಣೋ, ಎರಡು ನಿಮಿಷ.”

“ಯೂ ಸೆಡ್ ದಟ್ ಬಿಫೋರ್.”

ಆ ಧ್ವನಿ ಈಗ ಒಡೆದು ಗಂಡಸಿನದಾಗಿದೆ. ನಾಲ್ಕು ವರ್ಷದವನಿದ್ದಾಗ ಆ ಧ್ವನಿ ಪೂರ್ತಿ ನಿಂತೇಹೋಗಿತ್ತು. ಮಿದುಳಿನ ಜ್ವರ ಎಂದರು. ಕುತ್ತಿಗೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದ ಮಗುವಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೃಷ್ಣವೇಣಿ ತಿಮ್ಮಪ್ಪನಿಗೆ ಹೇಳಿಕೊಂಡಿದ್ದಳು: ಇವನನ್ನು ಉಳಿಸಿಕೊಡು, ನನ್ನ ಮುಡಿ ಪೂರ್ತಿ ಕೊಡುತ್ತೇನೆ. ಮೊಣಕಾಲು ಮುಟ್ಟುತ್ತಿದ್ದ ಜಡೆ ಅದು. ಮಗು ಉಳಿಯಿತು. ಮುಂದಿನ ವರ್ಷ ಊರಿಗೆ ಹೋದಾಗ, ಬೆಟ್ಟ ಹತ್ತುವ ಬಸ್ಸಿನಲ್ಲೇ, ಅತ್ತೆ ಗದರಿದರು: “ಮುತ್ತೈದೆ ತಲೆ ಬೋಳಿಸ್ಕೋತಾಳೇನೇ? ಗಂಡ ಬದುಕಿರೋವಾಗ ಅಂಥ ಮಾತು ಬಾಯಲ್ಲಿ ಬರಬಾರದು. ಮೂರು ಕತ್ತರಿ ಕೊಡಿಸು, ಸಾಕು. ದೇವರೇನು ಅಳತೆಪಟ್ಟಿ ಇಟ್ಕೊಂಡು ಕೂತಿರ್ತಾನಾ?” ಕಲ್ಯಾಣಕಟ್ಟೆಯಲ್ಲಿ ಜಡೆಯ ತುದಿಯಲ್ಲಿ ಮೂರು ಸಲ ಕತ್ತರಿ ಆಡಿತು. ಮೂರು ಬೆರಳಿನಷ್ಟು ಕೂದಲು. ಸುತ್ತಲೂ ಬೋಳುತಲೆಯ ಹೆಂಗಸರು, ಗಂಧ ಬಳಿದುಕೊಂಡು, ನಗುತ್ತಾ, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಹೋಗುತ್ತಿದ್ದರು. ಅತ್ತೆಯ ಮಾತಿಗೆ ಕಟ್ಟುಬಿದ್ದು ಸುಮ್ಮನಾದಳು ಎಂದು ಎಲ್ಲರೂ ತಿಳಿದರು. ಬಸ್ಸಿಳಿಯುವಾಗ ತನಗಾದದ್ದು ಬರೀ ಸಂತೋಷ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ದೇವರಿಗೂ ಗೊತ್ತಿತ್ತು. ಅದಕ್ಕೇ ಈಗ, ಹನ್ನೊಂದು ವರ್ಷದ ಮೇಲೆ, ಅವನೇ ಬಂದು ಒಂದೊಂದು ಹಿಡಿಯಾಗಿ ತೆಗೆದುಕೊಳ್ಳುತ್ತಿದ್ದಾನೆ. ಹಾಗೆಂದು ಅವಳು ನಂಬಿದ್ದಳು. ನಂಬಲೇಬೇಕಾಗಿತ್ತು. ಅವಳು ಎಡಬೈತಲೆ ತೆಗೆದು, ಬಲಕ್ಕೆ ಹೆಚ್ಚು ಕೂದಲು ಬರುವ ಹಾಗೆ ಬಾಚಿ, ಹೆರಳು ಹಾಕಿ, ಕಿವಿಯ ಹಿಂದೆ ಎರಡು ಪಿನ್ನು ಚುಚ್ಚಿದಳು.

ಕಾರಿನಲ್ಲಿ ಶೇಷಾದ್ರಿ ಹುರುಪಿನಲ್ಲಿದ್ದ. “ಇವತ್ತೇ ಅಲ್ವಾ ನಿಮ್ಮ ಕಂಪನಿ ಮುದುಕಿ ಬರೋದು? ಪೇಪರಿನೋರೆಲ್ಲ ಬರ್ತಾರೆ ಅಂತಿದ್ದೆ. ನಮ್ಮ ಆಪರೇಷನ್ ಥಿಯೇಟರಿನ ನರ್ಸ್‌ಗಳಿಗೆಲ್ಲ ಹೇಳಿಬಿಟ್ಟಿದೀನಿ, ಹೊಸ ಕ್ರೀಮಿನ ಡಬ್ಬಿ ಮೇಲಿರೋ ಜಡೆ ನನ್ನ ಹೆಂಡತೀದು ಅಂತ.”

“ಯಾಕೆ ಹೇಳೋಕೆ ಹೋದ್ರಿ?”

“ಯಾಕೆ ಹೇಳಬಾರದು? ಒಬ್ಬೊಬ್ಬರೂ ಒಂದೊಂದು ಡಬ್ಬಿ ತೊಗೋತಾರಂತೆ.” ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಕಾರುಗಳು ನಿಂತುಬಿಟ್ಟಿದ್ದವು. ಅವನು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದ. ರೋಗಿಗಳಿಗೆ ಅರಿವಳಿಕೆ ಕೊಡುವ ಕೆಲಸ ಅವನದು. ಜನ ಭಯಪಡುವುದನ್ನು ದಿನವೂ ನೋಡಿ ನೋಡಿ ಅವನಿಗೆ ಪಕ್ಕದ ಸೀಟಿನಲ್ಲಿ ಕೂತ ಭಯ ಕಾಣುತ್ತಿರಲಿಲ್ಲ. ಚಳಿಗಾಲದಲ್ಲಿ ಒಂದು ರಾತ್ರಿ ಅವಳು ಕೇಳಿದ್ದಳು: ನಮ್ಮ ಲ್ಯಾಬಿನಲ್ಲಿ ಒಬ್ಬಳಿಗೆ ತಲೆಯಲ್ಲಿ ಒಂದು ಕಡೆ ಮಾತ್ರ ಕೂದಲು ಉದುರಿದೆಯಂತೆ ರೀ, ಯಾಕಿರಬಹುದು? ಅವನು ಆ ಕಡೆ ಮಗ್ಗುಲಾಗುತ್ತ ಹೇಳಿದ್ದ: “ಸ್ಟ್ರೆಸ್ ಇರುತ್ತೆ. ಇಲ್ಲಾ ಏನೋ ಕೆಮಿಕಲ್ಲು. ನೀವು ಅಲ್ಲೇ ತಾನೇ ಕಲಸೋದು? ಜಿಪಿ ಡಾಕ್ಟರಿಗೆ ತೋರಿಸು ಅನ್ನು.” ಆ ಎರಡನೇ ಮಾತು ಕೇಳಿದ ಕೂಡಲೇ ಅವಳು ಕತ್ತಲಲ್ಲಿ ಎದ್ದು ಕೂತು ತಿಮ್ಮಪ್ಪನಿಗೆ ಕೈಮುಗಿದಿದ್ದಳು. ಕ್ಷಮಿಸು ಎಂದಿದ್ದಳು. ಇದಕ್ಕೆ ಕಾರಣ ನೀನೇ ಆಗಿರು, ಇನ್ನೇನೂ ಆಗಿರದಿರಲಿ ಎಂದು ಬೇಡಿಕೊಂಡಿದ್ದಳು. ಡಿಸೆಂಬರಿನಲ್ಲಿ ಊರಿಗೆ ಹೋದಾಗ, ತಾನೇ ಮಾಡಿ ತಲೆಗೆ ಹಚ್ಚಿಕೊಳ್ಳುತ್ತಿದ್ದ ಕ್ರೀಮು ಒಯ್ದಿರಲಿಲ್ಲ. ತಂಗಿ ಹರಳೆಣ್ಣೆ ತಟ್ಟಿ ನೀರೆರೆದಳು. ವಾರ ಕಳೆಯುತ್ತಲೇ ಆ ಜಾಗದಲ್ಲಿ ಪುಟ್ಟ ಪುಟ್ಟ ಕೂದಲು ಮೂಡಿತು. ವಾಪಸು ಬಂದು ಮತ್ತೆ ಕ್ರೀಮು ಹಚ್ಚತೊಡಗಿದ ಮೇಲೆ ಅದೂ ಉದುರಿತು. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಊರಿನಲ್ಲಿ ದೇವರ ಮನೆಯಲ್ಲಿ ತುಪ್ಪದ ದೀಪ ಹಚ್ಚಿದ್ದೂ ನಿಜವಲ್ಲವೇ? ಅದಕ್ಕೆ ತಿಮ್ಮಪ್ಪ ಸ್ವಲ್ಪ ಕರಗಿರಬೇಕು, ಇಲ್ಲಿಗೆ ಬಂದು ಮರೆತದ್ದಕ್ಕೆ ಮತ್ತೆ ಮುನಿದಿರಬೇಕು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಕಿವಿಯ ಹಿಂದಿನ ಪಿನ್ನನ್ನು ಮುಟ್ಟಿ ನೋಡಿಕೊಂಡಳು. “ಏನು ಯೋಚ್ನೆ?” ಎಂದ ಶೇಷಾದ್ರಿ. “ಏನಿಲ್ಲ ರೀ, ಇಂಗ್ಲಿಷಿನಲ್ಲಿ ಮಾತಾಡಬೇಕಲ್ಲ,” ಎಂದಳು.

ಪಾರ್ಕ್ ರಾಯಲಿನ ಗೋದಾಮುಗಳ ನಡುವೆ, ಬಿಸ್ಕತ್ತಿನ ಕಾರ್ಖಾನೆಯ ವಾಸನೆ ಬೀಸುವ ರಸ್ತೆಯಲ್ಲಿ ಪೆಟಿಗ್ರೂ ಕಂಪನಿಯ ಕೆಂಪು ಇಟ್ಟಿಗೆಯ ಕಟ್ಟಡವಿತ್ತು. ಒಳಗೆ ಕಾಲಿಟ್ಟರೆ ಎದುರಿಗೇ ಕಂಪನಿ ಕಟ್ಟಿದ ಓಡೆಸಾ ಪೆಟಿಗ್ರೂ ಅವರ ದೊಡ್ಡ ಪಟ. ನೀಲಿ ಸ್ಕಾರ್ಫು ಬಿಗಿದ ತಲೆ, ಕಪ್ಪು ಕೆನ್ನೆ, ನಗದ ತುಟಿ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನ ಅವರ ಬದುಕಿನ ಒಂದು ಸಣ್ಣ ಚಲನಚಿತ್ರ ತೋರಿಸುತ್ತಿದ್ದರು. ಕೃಷ್ಣವೇಣಿಗೆ ಅದು ಬಾಯಿಪಾಠವಾಗಿತ್ತು. ಅಮೆರಿಕದ ಜಾರ್ಜಿಯಾದ ಹತ್ತಿಯ ಊರಿನಲ್ಲಿ ಬಿಳಿಯರ ಬಟ್ಟೆ ಒಗೆಯುತ್ತಿದ್ದವಳ ಮಗಳು. ಅಮ್ಮ ಬಟ್ಟೆ ಕುದಿಸುತ್ತಿದ್ದ ಹಂಡೆಯಲ್ಲೇ ಮಗಳು ಕ್ರೀಮು ಕುದಿಸಿದಳು. ತಮ್ಮವರ ಕೂದಲಿಗೆ ಹೊಂದುವಂಥದ್ದು ಆಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೂ ಆ ಅಂಗಡಿಗಳ ಮುಂಬಾಗಿಲಿನಿಂದ ಇವರನ್ನು ಬಿಡುತ್ತಿರಲಿಲ್ಲ. ಮೊದಲ ಸಲದ ಪಾಕದಲ್ಲಿ ಕ್ಷಾರ ಹೆಚ್ಚಾಗಿ ಅವಳದೇ ನೆತ್ತಿ ಸುಟ್ಟಿತು. ಉಳಿದ ಡಬ್ಬಿಗಳನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಹೂತಳು. ಒಂದು ಡಬ್ಬಿ ಮಾತ್ರ ಆಗಲೇ ಮಾರಿಯಾಗಿತ್ತು, ಊರಾಚೆಯ ಒಬ್ಬ ಹುಡುಗಿಗೆ. ಅದನ್ನು ವಾಪಸು ತರಲು ಬಿಸಿಲಲ್ಲಿ ನಡೆದುಕೊಂಡು ಹೋದಳು. ಹೋಗುವಷ್ಟರಲ್ಲಿ ತಡವಾಗಿತ್ತು. ಆ ಹುಡುಗಿಗೆ ಏನಾಯಿತು ಎಂದು ಚಿತ್ರದಲ್ಲಿ ಹೇಳುತ್ತಿರಲಿಲ್ಲ. ಸಂಗೀತ ಬದಲಾಗಿ ಬಾಡಿಗೆಯ ಅಂಗಡಿ, ಸ್ವಂತ ಕಾರ್ಖಾನೆ, ಬ್ಯಾಂಕಿನವರು ಕುರ್ಚಿ ಎಳೆದು ಕೂರಿಸಿದ ದಿನ, ಕಪ್ಪು ಹೆಂಗಸೊಬ್ಬಳ ಹೆಸರನ್ನು ಆ ನಗರದ ಕಟ್ಟಡವೊಂದರ ನೆತ್ತಿಯ ಮೇಲೆ ಮೊದಲ ಬಾರಿಗೆ ಬರೆದ ದಿನ, ಅವಳ ಹೆಸರಿನ ವಿದ್ಯಾರ್ಥಿವೇತನದಲ್ಲಿ ಓದಿದ ಹುಡುಗಿಯರ ಸಾಲು, ಲಂಡನ್ನಿನ ಈ ಕಟ್ಟಡ, ಎಲ್ಲ ಬರುತ್ತಿದ್ದವು. ಕೊನೆಯಲ್ಲಿ ಪರದೆಯ ತುಂಬ ಅವಳ ನಿಯಮ: ಮಾಡಿದವಳ ತಲೆ ಮೊದಲು, ಮಾರುವವಳ ತಲೆ ಆಮೇಲೆ, ಕೊಳ್ಳುವವಳ ತಲೆ ಕೊನೆಗೆ.

ಹೊಸ ಸರಕು ಯಾವುದೇ ಇರಲಿ, ಅದನ್ನು ಮಾಡಿದವರು ತಿಂಗಳುಗಟ್ಟಲೆ ತಮ್ಮ ತಲೆಗೇ ಹಚ್ಚಿಕೊಳ್ಳಬೇಕು. ಆಮೇಲೆ ಎಲ್ಲರೆದುರು ನಿಂತಾಗ ಮಿಸೆಸ್ ಪೆಟಿಗ್ರೂ ತಾವೇ ಕೂದಲೊಳಗೆ ಕೈಹಾಕಿ ನೋಡಿ, ನಿನ್ನ ತಲೆ ಹೇಗಿದೆ ಎಂದು ಕೇಳುತ್ತಾರೆ. ನನ್ನ ತಲೆ ಕ್ಷೇಮ ಎಂದು ಹೇಳಬೇಕು. ಆಮೇಲೆಯೇ ಲಾರಿ ಹೊರಡುವುದು. ಲ್ಯಾಬಿನ ಪರೀಕ್ಷೆಗಳಲ್ಲೆಲ್ಲ ಕ್ರೀಮು ಪಾಸಾಗಿತ್ತು. ಆದರೆ ಅವೆಲ್ಲ ಒಂದೆರಡು ವಾರದ ಪರೀಕ್ಷೆಗಳು. ತಿಂಗಳುಗಟ್ಟಲೆ ಹಚ್ಚಿಕೊಂಡ ತಲೆ ಒಂದೇ, ಕೃಷ್ಣವೇಣಿಯದು. ನಮ್ಮ ಹೆಂಗಸರ ಉದ್ದ ಕೂದಲಿಗೆಂದು, ಸೀಗೆಯ ರಸ, ಗರುಗದ ಸೊಪ್ಪು ಸೇರಿಸಿ ಅವಳೇ ಕೂಡಿಸಿದ ಪಾಕ. ಮಿಸೆಸ್ ಪೆಟಿಗ್ರೂ ಅವರ ಮೊಮ್ಮಗ, ಲಂಡನ್ನಿನ ವ್ಯವಹಾರ ನೋಡಿಕೊಳ್ಳುವ ಮಿಸ್ಟರ್ ಕರ್ಟಿಸ್, ಅದಕ್ಕೆ ಅವಳದೇ ಹೆಸರಿನ ಅರ್ಧ ಇಟ್ಟಿದ್ದ. ವೇಣಿ. ಡಬ್ಬಿಯ ಮೇಲೆ ಬೆನ್ನು ಮಾಡಿ ನಿಂತ ಹೆಂಗಸಿನ ಉದ್ದ ಜಡೆ. ಆ ಚಿತ್ರ ತೆಗೆದ ದಿನ ಕೃಷ್ಣವೇಣಿ ಮನೆಗೆ ಬಂದು ಯಾರಿಗೂ ಕಾಣದಂತೆ ಅತ್ತಿದ್ದಳು, ಖುಷಿಗೆ. ಡಾಕ್ಟರ ಹೆಂಡತಿ ಎಂಬುದರ ಹೊರತು ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಬೇರೆ ಹೆಸರಿನಿಂದ ಗುರುತಿಸಿರಲಿಲ್ಲ. ಈಗ ಒಳಗೆ ಹಲಗೆಗಳ ಮೇಲೆ ಡಬ್ಬಿಗಳು ಸೂರು ಮುಟ್ಟುವಂತೆ ಪೇರಿಸಿದ್ದವು. ಎಲ್ಲದರ ಮೇಲೂ ಅವಳ ಜಡೆ. ಎಲ್ಲವೂ ಅವಳಿಗೆ ಬೆನ್ನು ತಿರುಗಿಸಿ ನಿಂತಿದ್ದವು. ಸಂಜೆಗೆ ಅವು ಸೌತ್‌ಹಾಲಿನ ಅಂಗಡಿಗಳಿಗೆ ಹೋಗಬೇಕಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಐರೀನ್ ಸಿಕ್ಕಳು. ಉಡುಪಿಯ ಕಡೆಯವಳು, ಡಬ್ಬಿ ತುಂಬುವ ಯಂತ್ರದ ಮೇಲ್ವಿಚಾರಕಿ. “ಎಂತ ಕೃಷ್ಣವೇಣಿ, ಮುಖ ಎಲ್ಲ ಬಿಳುಚಿಕೊಂಡಿದೆಯಲ್ಲ? ಹೆದರಿಕೆಯಾ? ಎಂತದೂ ಇಲ್ಲ ಮಾರಾಯ್ರೆ. ಆ ಮುದುಕಿಗೆ ಶುಗರ್ ಉಂಟಂತೆ. ಬೆರಳಿಗೆ ಮುಟ್ಟಿದ್ದೇ ಗೊತ್ತಾಗೂದಿಲ್ಲಂತೆ. ಬೆಳಿಗ್ಗೆ ಕಾಫಿ ಕೊಟ್ಟವಳು ಹೇಳಿದಳು, ಸುಡುವ ಲೋಟ ಗಟ್ಟಿ ಹಿಡ್ಕೊಂಡೇ ಕೂತಿದ್ರಂತೆ. ಈಗ ಅದೆಲ್ಲ ಬರೇ ಫೋಟೋಗೆ.”

ಕೃಷ್ಣವೇಣಿ ಕೇಳಿದ್ದನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡಳು. ಬೆರಳಿಗೆ ಗೊತ್ತಾಗುವುದಿಲ್ಲ! ಒಬ್ಬ ಮುದುಕಿಯ ಕಾಯಿಲೆಗೆ ತಾನು ಸಂತೋಷಪಡುತ್ತಿದ್ದೇನೆ ಎಂದು ಹೊಳೆದಾಗ ನಾಚಿಕೆಯಾಯಿತು, ಆದರೆ ಸಂತೋಷ ಹೋಗಲಿಲ್ಲ. ಆ ಬಸ್ಸಿನಲ್ಲಿ ಬಂದಿದ್ದ ಸಂತೋಷವೇ ಅದು. ಅವಳಿಗೆ ಅದರ ಗುರುತು ಹತ್ತಿತು.

“ಮತ್ತೆ, ಬೈಬೇಡಿ ಆಯ್ತಾ,” ಐರೀನ್ ದನಿ ತಗ್ಗಿಸಿದಳು. “ಒಂದು ಡಬ್ಬಿ ನಿನ್ನೆ ನಾನು ಮನೆಗೆ ತಗೊಂಡು ಹೋದೆ. ಮುಚ್ಚಳ ಸೊಟ್ಟ ಆಗಿತ್ತು, ಹೇಗೂ ಬಿಸಾಡ್ತಿದ್ರು. ನಮ್ಮ ಮಗಳು ರೆನಿಟಾಗೆ ಭಾನುವಾರ ಚರ್ಚಿನಲ್ಲಿ ಕನ್‌ಫರ್ಮೇಶನ್. ಹಾಫ್ ಟರ್ಮ್ ರಜೆ ಅಲ್ವಾ, ಮನೆಯಲ್ಲೇ ಇದ್ದಾಳೆ, ಇವತ್ತು ಮಧ್ಯಾಹ್ನ ತಲೆಗೆ ಹಚ್ಚಿಕೊಳ್ತಾಳಂತೆ. ಅವಳದ್ದು ನೋಡಿದ್ದೀರಲ್ಲ ನೀವು, ಎಂಥ ಕೂದಲು! ನಮ್ಮ ಅಮ್ಮಂದೇ. ಹಚ್ಬಹುದಲ್ಲ?”

ಬೇಡ ಎನ್ನಬಹುದಿತ್ತು. ಸ್ವಲ್ಪ ದಿನ ತಡಿ ಎಂದಷ್ಟೇ ಅಂದರೂ ಸಾಕಿತ್ತು. ಯಾಕೆ ಎಂದು ಐರೀನ್ ಕೇಳುತ್ತಿದ್ದಳು, ಆ ಯಾಕೆಗೆ ಉತ್ತರ ಎರಡು ಪಿನ್ನುಗಳ ಹಿಂದೆ ಇತ್ತು. ತಿಮ್ಮಪ್ಪ ತನ್ನ ಮೇಲೆ ಮುನಿದರೆ ಆ ಹುಡುಗಿಗೆ ಏನು? ಹರಕೆ ತನ್ನದು. ರೆನಿಟಾ ಯಾವ ಬೆಟ್ಟಕ್ಕೂ ಮಾತು ಕೊಟ್ಟವಳಲ್ಲ.

“ಹೂಂ,” ಎಂದಳು ಕೃಷ್ಣವೇಣಿ.

ಮಧ್ಯಾಹ್ನ ದೊಡ್ಡ ಹಾಲಿನಲ್ಲಿ ಯಂತ್ರಗಳನ್ನು ನಿಲ್ಲಿಸಿದ್ದರಿಂದ ಕಿವಿ ಮುಚ್ಚಿದಂತಿತ್ತು. ಹಾರ್ಲ್ಸ್‌ಡನ್ನಿನ ಜಮೈಕಾ ಹೆಂಗಸರು ಮುಂದಿನ ಸಾಲಿನಲ್ಲಿ ನಿಂತಿದ್ದರು. ಮಿಸೆಸ್ ಪೆಟಿಗ್ರೂ ಮೊಮ್ಮಗನ ತೋಳು ಹಿಡಿದು ಬಂದಾಗ ಅವರಲ್ಲಿ ಕೆಲವರು ಕಣ್ಣೊರೆಸಿಕೊಂಡರು, ಒಬ್ಬಳು ಮದರ್ ಎಂದು ಕರೆದಳು. ಪಟದಲ್ಲಿದ್ದುದಕ್ಕಿಂತ ತೀರ ಕುಳ್ಳಗಿನ ಹೆಂಗಸು. ಅದೇ ನೀಲಿ ಸ್ಕಾರ್ಫು. ಕ್ಯಾಮೆರಾಗಳು ಬೆಳಗಿದಾಗೆಲ್ಲ ಕೃಷ್ಣವೇಣಿಗೆ ತನ್ನ ತಲೆಯ ಒಂದೊಂದು ಜಾಗವೂ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಪಿನ್ನು ಸಡಿಲವಾಯಿತೇ? ಹೊಸ ಬೊಟ್ಟಿನ ಜಾಗ ಜಡೆಯ ಕೆಳಗೆ ಬರುತ್ತದೋ ಮೇಲೆ ಬರುತ್ತದೋ? ಮುಟ್ಟಿ ನೋಡುವ ಹಾಗಿಲ್ಲ. ಅವಳ ಹೆಸರು ಕೂಗಿದರು. ಅರ್ಧ ಹೆಸರು. ಅವಳು ಹೋಗಿ ನಿಂತಳು. ಎತ್ತರ ಸಾಲದೆ ಮುದುಕಿ ಕೈಸನ್ನೆ ಮಾಡಿದಾಗ ತಲೆ ಬಗ್ಗಿಸಿದಳು. ದೇವಸ್ಥಾನದಲ್ಲಿ ಶಠಾರಿಗೆ ಬಗ್ಗಿಸುವ ಹಾಗೆಯೇ ಬಗ್ಗಿಸಿದೆನಲ್ಲ ಎಂದು ಅನ್ನಿಸಿ ಇನ್ನಷ್ಟು ಭಯವಾಯಿತು.

ಬೆರಳುಗಳು ಬಂದವು. ಒಣ, ತಣ್ಣನೆಯ ಬೆರಳುಗಳು. ನೆತ್ತಿಯಿಂದ ಇಳಿದು, ಎಡಗಿವಿ ಬಳಸಿ, ಹೆರಳಿನ ಬುಡವನ್ನು ಎತ್ತಿ ನೋಡಿ, ಬಲಕ್ಕೆ ಬಂದವು. ಪಿನ್ನಿಗೆ ತಗುಲಿದವು. ಪಿನ್ನಿನಡಿಗೆ ನುಸುಳಿ ಆ ನುಣುಪಿನ ಮೇಲೆ ಹಾದವು. ಕೃಷ್ಣವೇಣಿಗೆ ತನ್ನ ಬರಿ ಚರ್ಮದ ಮೇಲೆ ಆ ಬೆರಳ ತುದಿಯ ಗೆರೆಗಳು ಸಹ ತಿಳಿದವು. ಬೆರಳುಗಳು ಅಲ್ಲಿ ನಿಂತವೇ? ನಿಂತಂತೆ ಅನ್ನಿಸಿತು. ಆಮೇಲೆ ಮುಂದಕ್ಕೆ ಹೋದವು.

“ನಿನ್ನ ತಲೆ ಹೇಗಿದೆ ಮಗಳೇ?” ಮುದುಕಿಯ ಇಂಗ್ಲಿಷು ನಿಧಾನವಾಗಿತ್ತು, ಒಂದೊಂದು ಮಾತನ್ನೂ ಎಳೆದು ಆಡುವಂಥದ್ದು.

“ಮೈ ಹೆಡ್ ಈಸ್ ವೆಲ್, ಮೇಡಂ.”

ಚಪ್ಪಾಳೆ ಹಾಲನ್ನು ತುಂಬಿತು. ಮುಗಿಯಿತು! ಅವಳು ತಲೆಯೆತ್ತಿದಳು. ಗುಂಪಿನ ಹಿಂದೆ, ಬಾಗಿಲಲ್ಲಿದ್ದ ಸೆಕ್ಯುರಿಟಿಯವನ ಮೇಜಿನ ಪಕ್ಕ ನಿಂತು ಐರೀನ್ ಎರಡೂ ಕೈ ಮೇಲೆತ್ತಿ ತಟ್ಟುತ್ತಿದ್ದಳು. ಮಿಸ್ಟರ್ ಕರ್ಟಿಸ್ ಲಾರಿಯವರಿಗೆ ಸನ್ನೆ ಮಾಡಲು ತಿರುಗಿದ. ಆಗ ಮುದುಕಿ ಕೋಲಿನಿಂದ ನೆಲವನ್ನು ಕುಟ್ಟಿದರು.

“ಎರಡನೇ ತಲೆ ಎಲ್ಲಿ?”

ಮೊಮ್ಮಗ ನಕ್ಕ. ಅದಕ್ಕೆ ಈಗ ನಾನಿದ್ದೇನಲ್ಲ ಅಜ್ಜಿ, ಮಣಿಕಟ್ಟಿಗೆ ಸ್ವಲ್ಪ ಸವರಿಕೊಂಡರಾಯಿತು, ಹೋದ ಸಲವೂ ಹಾಗೇ ಮಾಡಿದೆವಲ್ಲ, ಎಂದ.

“ಮಣಿಕಟ್ಟಿನ ಮೇಲೆ ಕೂದಲು ಬೆಳೆಯುತ್ತದೇನೋ? ಈ ಕಂಪನಿ ಇನ್ನೂ ನನ್ನ ಹೆಸರಿನಲ್ಲೇ ಇದೆ. ಮಾರುವವಳು ನಾನು.” ಮುದುಕಿ ಕುರ್ಚಿ ತರಿಸಿದರು. ಕೂತರು. “ಬಹುಶಃ ಇದೇ ನಾನು ಕೊನೆಯ ಸಲ ಹಚ್ಚಿಸಿಕೊಳ್ಳುವುದು. ನೆಟ್ಟಗೆ ಹಚ್ಚಿಸಿಕೊಳ್ಳುತ್ತೇನೆ.” ಕ್ಯಾಮೆರಾದವರು ಮುಂದೆ ನುಗ್ಗಿದರು. ಸ್ಪರ್ಶ ತಿಳಿಯದ ಬೆರಳುಗಳಿಂದ ಅವರು ಸ್ಕಾರ್ಫಿನ ಗಂಟು ಬಿಚ್ಚಲು ತಡಕಾಡಿದರು, ಆಗಲಿಲ್ಲ, ಜಮೈಕಾದ ಹೆಂಗಸೊಬ್ಬಳು ಬಂದು ಬಿಚ್ಚಿದಳು. ನೀಲಿ ಬಟ್ಟೆ ತೊಡೆಯ ಮೇಲೆ ಬಿತ್ತು. ಸುತ್ತಲೂ ಒಂದಿಷ್ಟು ಬಿಳಿಯ ಸುರುಳಿ ಕೂದಲು, ಹತ್ತಿಯಂಥದ್ದು. ನಡುವೆ, ನೆತ್ತಿಯ ಮೇಲೆ, ಅಂಗೈಯಗಲದ ಹೊಳೆಯುವ ಹಳೆಯ ಗಾಯದ ಕಲೆ. ಆ ಕಥೆಯನ್ನು ಎಲ್ಲರೂ ಚಿತ್ರದಲ್ಲಿ ಕೇಳಿದ್ದರು. ಅಲ್ಲಿದ್ದವರಲ್ಲಿ ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಕೃಷ್ಣವೇಣಿಗೆ ಕಂಡದ್ದು ಆ ತಲೆ ಎಷ್ಟು ಸಣ್ಣದು ಎಂಬುದು. ಎರಡು ಕೈಯಲ್ಲಿ ಮುಚ್ಚಿಬಿಡಬಹುದಾದಷ್ಟು. ಈ ಹೆಂಗಸು ಮಾತ್ರ ಮುಚ್ಚಿಕೊಳ್ಳಲಿಲ್ಲ. ಎಲ್ಲರೆದುರು ಕತ್ತು ಬಗ್ಗಿಸಿ ಕೂತರು.

ಯಾರೋ ತೆರೆದ ಡಬ್ಬಿಯನ್ನು ಕೃಷ್ಣವೇಣಿಯ ಎಡಗೈಯಲ್ಲಿಟ್ಟರು. ಅವಳು ಬಲಗೈಯ ಮೂರು ಬೆರಳಲ್ಲಿ ಕ್ರೀಮು ತೆಗೆದಳು. ಸೀಗೆಯ ಘಮ, ತಾನೇ ಎಷ್ಟೋ ವಾರ ಕೂತು ಕೂಡಿಸಿದ ಘಮ. ಕೈಯನ್ನು ಆ ನೆತ್ತಿಯ ಮೇಲೆ ಹಿಡಿದಳು. ಇದು ತಿಮ್ಮಪ್ಪನ ಕೆಲಸ, ಕ್ರೀಮಿನದಲ್ಲ, ಎಂದು ಹೇಳಿಕೊಂಡಳು. ನನ್ನ ಹರಕೆಯ ಲೆಕ್ಕ ಇದು, ಈ ಮುದುಕಿಗೆ ಏನೂ ಆಗುವುದಿಲ್ಲ. ಹಾಗಿದ್ದರೆ ಹಚ್ಚು. ಕೈ ಇಳಿಯಲಿಲ್ಲ. ಹಚ್ಚು, ದೇವರ ಕೆಲಸವೇ ಆದರೆ ನಿನಗೇಕೆ ಭಯ? ಮೂರು ಬೆರಳಿನಷ್ಟು ಕ್ರೀಮು ಅವಳ ಬೆರಳಿನ ಮೇಲೆ ಹಾಗೇ ಇತ್ತು. ಅವಳಿಗೆ ಗೊತ್ತಿತ್ತು. ಡಿಸೆಂಬರಿನಿಂದಲೇ ಗೊತ್ತಿತ್ತು. ಗೊತ್ತಿದ್ದನ್ನು ಹೊರಲಾರದೆ ಅಷ್ಟು ದೂರದ ಬೆಟ್ಟದ ಮೇಲಿನವನ ತಲೆಗೆ ಕಟ್ಟಿದ್ದಳು. ಅವನು ಪಾಪ, ಮೂರು ಕತ್ತರಿಗೆ ಎಂದೋ ಒಪ್ಪಿದ್ದನೋ ಏನೋ. ಊರಾಚೆಯ ಆ ಹುಡುಗಿಗೆ ಏನಾಯಿತು? ಬಿಸಿಲಲ್ಲಿ ನಡೆದು ಹೋದ ಈ ಹೆಂಗಸು ಬಾಗಿಲು ತಟ್ಟಿದಾಗ ತೆರೆದವರು ಯಾರು? ಕ್ರೀಮಿನ ಒಂದು ತೊಟ್ಟು ಜಾರಿ ಮುದುಕಿಯ ಹೆಗಲ ಮೇಲೆ ಬಿತ್ತು.

“ಹಚ್ಚು ಮಗಳೇ,” ಎಂದರು ಮಿಸೆಸ್ ಪೆಟಿಗ್ರೂ.

“ಇಲ್ಲ,” ಎಂದಳು ಕೃಷ್ಣವೇಣಿ. ಕನ್ನಡದಲ್ಲೇ ಅಂದಳು. ಆಮೇಲೆ, “ನಾಟ್ ಯೂ, ಮೇಡಂ. ಪ್ಲೀಸ್.”

ಮೊಮ್ಮಗ ಏನೋ ಕೇಳಿದ. ಕ್ಯಾಮೆರಾದವನೊಬ್ಬ ನಕ್ಕ. ಮುದುಕಿ ತಿರುಗಲಿಲ್ಲ. ಬಗ್ಗಿಸಿದ ಕತ್ತು ಬಗ್ಗಿಸಿದ ಹಾಗೆಯೇ, ಪಕ್ಕದಲ್ಲಿದ್ದವರಿಗೂ ಕೇಳದಷ್ಟು ಮೆಲ್ಲಗೆ ಕೇಳಿದರು:

“ಎಷ್ಟಗಲ ಇದೆ?”

ಅಂದರೆ ಬೆರಳುಗಳು ನಿಂತದ್ದು ನಿಜವೇ? ಅಥವಾ ಬೆರಳಿಗೆ ತಿಳಿಯದ್ದು ಈಗ, ಈ ಇಳಿಯದ ಕೈಯ ಕೆಳಗೆ ಕೂತು, ತಿಳಿಯಿತೇ? ಕೇಳುವ ಧೈರ್ಯ ಅವಳಿಗಿರಲಿಲ್ಲ. “ಫಿಫ್ಟಿ ಪೀ,” ಎಂದಳು. “ಇನ್ನೊಂದು ಸಣ್ಣದು. ಇವತ್ತು ಬೆಳಿಗ್ಗೆಯದು.”

ಮುದುಕಿ ಕೋಲೂರಿ ಎದ್ದರು. ಎದ್ದು, ಖಾಲಿಯಾದ ಕುರ್ಚಿಯನ್ನು ಕೋಲಿನ ತುದಿಯಿಂದ ತೋರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಡಬ್ಬಿಯನ್ನು ನೆಲಕ್ಕಿಟ್ಟು ಕೃಷ್ಣವೇಣಿ ಕೂತಳು. ಕೈ ಮೇಲೆ ಹೋಗಿ ಒಂದು ಪಿನ್ನು ಕಿತ್ತಿತು, ಇನ್ನೊಂದು ಕಿತ್ತಿತು, ಕೂದಲನ್ನು ಬದಿಗೆ ಸರಿಸಿ ಹಿಡಿಯಿತು. ಬೆಳಕುಗಳು ಮೇಲಿಂದ ಮೇಲೆ ಬೆಳಗಿದವು. ಹಾಲಿನಲ್ಲಿ ಒಬ್ಬೊಬ್ಬರೇ ಉಸಿರೆಳೆದುಕೊಂಡದ್ದು ಕೇಳಿಸಿತು. ಮಿಸ್ಟರ್ ಕರ್ಟಿಸ್ ಜೋರಾಗಿ ಕ್ಯಾಮೆರಾ ಆಫ್ ಮಾಡಿ ಎನ್ನುತ್ತಿದ್ದ, ಯಾರನ್ನೋ ತಳ್ಳುತ್ತಿದ್ದ. ಬರಿ ಚರ್ಮಕ್ಕೆ ಹಾಲಿನ ಗಾಳಿ ತಣ್ಣಗೆ ತಾಗುತ್ತಿತ್ತು. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲವಲ್ಲ, ಈಗಲಾದರೂ ಭಯ ಹೋಗಬೇಕಿತ್ತು. ಹೋಗಲಿಲ್ಲ. ಅದು ಅವಳ ತಲೆಯಿಂದ ಇಳಿದು, ಹಾಲಿನಾಚೆ, ರಸ್ತೆಯಾಚೆ, ಯಾವುದೋ ಒಂದು ಫ್ಲಾಟಿನ ಬಚ್ಚಲಮನೆಯಲ್ಲಿ ಕನ್ನಡಿಯ ಮುಂದೆ ನಿಂತ ಹುಡುಗಿಯ ಕಡೆಗೆ ಹೊರಟಿತ್ತು. ಅವಳು ಕುರ್ಚಿಯಿಂದಲೇ ಗುಂಪಿನ ಮೇಲೆ ಹಾಯುವಂತೆ ಕೂಗಿದಳು, ಅಷ್ಟು ಜನರೆದುರು ಕನ್ನಡದಲ್ಲಿ:

“ಐರೀನ್! ರೆನಿಟಾ ಹಚ್ಚಿಕೊಂಡುಬಿಟ್ಟಳಾ?”

ಐರೀನ್ ಸೆಕ್ಯುರಿಟಿಯವನ ಮೇಜಿನ ಮೇಲಿದ್ದ ಫೋನನ್ನು ಆಗಲೇ ಕಿವಿಗೆ ಒತ್ತಿ ಹಿಡಿದಿದ್ದಳು, ಬಾಯಿ ತೆರೆದೇ ಇತ್ತು. ಕೃಷ್ಣವೇಣಿಯ ತಲೆಯ ಆ ನುಣುಪಿನ ಮೇಲೆ ಮುದುಕಿಯ ಕೈ ಬಂದು ಕೂತಿತು. ಏನೂ ತಿಳಿಯದ ಬೆರಳುಗಳು ಅಲ್ಲೇ ಉಳಿದವು. ಮಿಸ್ಟರ್ ಕರ್ಟಿಸನ ಕೂಗಾಟವೂ ನಿಂತಿದ್ದುದರಿಂದ, ಐರೀನಳ ಮನೆಯಲ್ಲಿ ಫೋನು ರಿಂಗಾಗುವುದು ಅವಳ ಕಿವಿಯ ಫೋನಿನಿಂದ ಇಲ್ಲಿಯವರೆಗೂ ಕೇಳಿಸುತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ. ಮಿಸೆಸ್ ಪೆಟಿಗ್ರೂ ಕತ್ತು ಆ ಕಡೆ ತಿರುಗಿಸಿ, ಕಾಯುತ್ತಾ ನಿಂತರು.